ಘಟ್ಟ ಇಳಿದ ಹೆಸರು

ಹುಣಸೂರಿನ ನಮ್ಮ ಮನೆಯ ಅಟ್ಟದಲ್ಲಿ ತಗಡಿನ ಟ್ರಂಕು ಒಂದಿದೆ. ತಂದೆಯವರ ಕಾಲದ ಕಂದಾಯದ ರಸೀದಿಗಳು, ಹರಿದ ಪಂಚಾಂಗಗಳು, ಯಾರದೋ ಮದುವೆಯ ಕರೆಯೋಲೆ, ಇಂಥವೆಲ್ಲ ಅದರೊಳಗೆ ಒಂದರ ಮೇಲೊಂದು ಮಲಗಿವೆ. ಕಳೆದ ಬೇಸಗೆಯಲ್ಲಿ, ಗೆದ್ದಲು ಹಿಡಿದೀತೆಂಬ ಭಯದಿಂದ ಅದನ್ನು ಕೆಳಗಿಳಿಸಿ, ಕಾಗದಗಳನ್ನೆಲ್ಲ ಜಗಲಿಯ ಬಿಸಿಲಿಗೆ ಹರವಿದೆವು. ರಜೆಗೆ ಬಂದಿದ್ದ ಮೊಮ್ಮಗ ಅವುಗಳನ್ನು ಕೆದಕುತ್ತ ಕುಳಿತವನು ಒಂದು ಸರ್ಟಿಫಿಕೇಟನ್ನು ಎತ್ತಿ ಹಿಡಿದ. ನಮ್ಮ ತಂದೆಯವರು ೧೯೩೧ರಲ್ಲಿ ಪರೀಕ್ಷೆ ಮುಗಿಸಿದ್ದಕ್ಕೆ ಕೊಟ್ಟದ್ದು. ಕಲಿತ ಭಾಷೆಗಳ ಸಾಲಿನಲ್ಲಿ ಮೊದಲು ಇಂಗ್ಲಿಷ್; ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ‘ಕೆನರೀಸ್’.

“ತಾತ, ಮುತ್ತಾತ ಕೆನರೀಸ್ ಅಂತ ಒಂದು ಭಾಷೆ ಓದಿದಾರಲ್ಲ, ಅದು ಯಾವ ದೇಶದ್ದು?” ಎಂದ.

“ನೀನು ಈಗ ಮಾತಾಡ್ತಾ ಇರೋದೇ ಕಣೋ. ಕನ್ನಡ.”

ಹುಡುಗ ನಂಬಲಿಲ್ಲ. ರಜೆಗೆ ಮುಂಚೆ ಶಾಲೆಯ ರಸಪ್ರಶ್ನೆಯಲ್ಲಿ, ಮಾಲ್ಟಾ ದ್ವೀಪದವರಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದ್ದರಂತೆ. ಇವನು ‘ಮಾಲ್ಟೀಸ್’ ಎಂದು ಹೇಳಿ ಒಂದು ಪೆನ್ನು ಗೆದ್ದಿದ್ದನಂತೆ. ಆ ವಿಜಯದ ಬಲದಿಂದ ಅವನು ವಾದಕ್ಕೆ ನಿಂತ. “ಮಾಲ್ಟಾದವರು ಮಾಲ್ಟೀಸ್. ಹಾಗಾದ್ರೆ ಕೆನರೀಸ್ ಅಂದ್ರೆ ಕೆನರಾದವರು. ನಾವು ಹುಣಸೂರಿನೋರಲ್ವಾ, ತಾತ?”

ತರ್ಕದಲ್ಲಿ ತಪ್ಪಿರಲಿಲ್ಲ. ಕೆನರಾ ಎಂದರೆ ಕಾರವಾರ ಮಂಗಳೂರುಗಳ ಸೀಮೆ. ಲಕ್ಷ್ಮಣತೀರ್ಥದ ನೀರು ಕುಡಿದು ಬೆಳೆದ ನಮ್ಮ ತಂದೆಯವರು ಸಮುದ್ರವನ್ನು ಕಂಡವರೇ ಅಲ್ಲ. ಅವರ ಕಾಗದಕ್ಕೆ ಆ ಹೆಸರು ಹೇಗೆ ಬಂತು? ಆ ಹೊತ್ತಿಗೆ ಏನೋ ಹೇಳಿ ತಪ್ಪಿಸಿಕೊಂಡೆನಾದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಹೋದಾಗ ಕಂಡ ಸಂಗತಿಗಳನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಮೊದಲು ಆ ಬಾಲದ ಮಾತು. ‘ಮಾಲ್ಟೀಸ್’, ‘ಚೈನೀಸ್’, ‘ಜಪಾನೀಸ್’, ‘ಬರ್ಮೀಸ್’ ಎಂಬ ಮಾತುಗಳ ಕೊನೆಗೆ ಅಂಟಿಕೊಂಡಿರುವ ‘ಈಸ್’ ಇಂಗ್ಲಿಷಿನ ಸ್ವಂತ ಆಸ್ತಿಯಲ್ಲ. ಲ್ಯಾಟಿನ್ನಿನಲ್ಲಿ ಒಂದು ಊರಿಗೆ ಸೇರಿದ್ದು ಎಂದು ಹೇಳಲು ‘ಎನ್ಸಿಸ್’ ಎಂಬ ಪ್ರತ್ಯಯವಿತ್ತು. ಅದು ಸವೆದು ಇಟಲಿಯವರ ಬಾಯಲ್ಲಿ ‘ಏಸೆ’ ಆಯಿತು, ಪೋರ್ಚುಗಲ್ಲಿನವರ ಬಾಯಲ್ಲಿ ‘ಏಸ್’ ಆಯಿತು. ಜಿನೋವಾದವನು ಜಿನೊಯೀಸ್, ಮಿಲಾನಿನವನು ಮಿಲನೀಸ್. ಇಂಗ್ಲಿಷರು ಹಡಗು ಹತ್ತಿ ಪೂರ್ವಕ್ಕೆ ಬರುವ ಮುಂಚೆಯೇ ಇಟಲಿಯ ವರ್ತಕರೂ ಪೋರ್ಚುಗಲ್ಲಿನ ನಾವಿಕರೂ ಆ ದಾರಿಯನ್ನು ಸವೆಸಿದ್ದರು. ಹೀಗಾಗಿ ಪೂರ್ವದ ಅನೇಕ ಜನಗಳ ಹೆಸರು ಇಂಗ್ಲಿಷಿಗೆ ದಕ್ಷಿಣ ಯೂರೋಪಿನ ಬಾಲದೊಡನೆಯೇ ಬಂತು. ನಾವೂ ಇದರಿಂದ ಪಾರಾಗಿಲ್ಲ. ಚೀನದವರನ್ನು ಚೀನೀಯರೆಂದು ನಮ್ಮ ರೀತಿಯಲ್ಲಿ ಕರೆದ ನಾವು, ಪೋರ್ಚುಗಲ್ಲಿನವರನ್ನು ಮಾತ್ರ ‘ಪೋರ್ಚುಗೀಸರು’ ಎಂದು ಅವರ ಬಾಲಕ್ಕೆ ನಮ್ಮ ಬಹುವಚನದ ಗಂಟು ಹಾಕಿ ಕರೆಯುತ್ತೇವೆ.

ಆ ಬಾಲಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ಗುಣವೂ ಬಂದು ಸೇರಿತು. ಡಾಕ್ಟರ್ ಜಾನ್ಸನ್ನರ ಭಾರವಾದ ಶೈಲಿಯನ್ನು ಹಾಸ್ಯ ಮಾಡಬೇಕಾದವರು ಅದನ್ನು ‘ಜಾನ್ಸನೀಸ್’ ಎಂದರು. ಪತ್ರಿಕೆಗಳ ಸವಕಲು ಭಾಷೆಯನ್ನು ‘ಜರ್ನಲೀಸ್’ ಎಂದರು. ನೇರವಾದ ಮಾತಲ್ಲ, ಏನೋ ಒಂದು ಬಗೆಯ ವಿಚಿತ್ರ ಭಾಷೆ ಎಂಬ ಛಾಯೆ ಅದಕ್ಕೆ ಬಂದುಬಿಟ್ಟಿತು. ಗೋವೆಯವರು ತಮ್ಮನ್ನು ‘ಗೋವನೀಸ್’ ಎಂದರೆ ಮುಖ ಸಿಂಡರಿಸಿ ‘ಗೋವನ್’ ಎಂದು ತಿದ್ದುವುದೂ, ನೇಪಾಳದವರು ‘ನೇಪಾಲೀಸ್’ ಎನ್ನುವುದಕ್ಕಿಂತ ‘ನೇಪಾಲಿ’ ಎಂದರೆ ಮೆಚ್ಚುವುದೂ ಸುಮ್ಮನೆ ಅಲ್ಲ.

ಇನ್ನು ಮಾಲ್ಟಾ. ಸಿಸಿಲಿಯ ಕೆಳಗೆ ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಈ ಪುಟ್ಟ ದ್ವೀಪವನ್ನು ಗ್ರೀಕರು ‘ಮೆಲಿತೆ’ ಎಂದರು, ರೋಮಿನವರು ‘ಮೆಲಿತಾ’ ಎಂದರು. ‘ಮೆಲಿ’ ಎಂದರೆ ಗ್ರೀಕಿನಲ್ಲಿ ಜೇನು. ಆ ದ್ವೀಪದ ಜೇನುತುಪ್ಪಕ್ಕೆ ಹೆಸರಿದ್ದುದರಿಂದ, ಜೇನಿನ ನಾಡೆಂಬುದೇ ಅದರ ಅರ್ಥವೆಂದು ಬಹಳ ಜನ ಹೇಳುತ್ತ ಬಂದರು. ಅಲ್ಲ, ಗ್ರೀಕರಿಗಿಂತ ಮುಂಚೆ ಅಲ್ಲಿ ನೆಲೆಸಿದ್ದ ಫಿನೀಷಿಯನ್ನರು ಗಾಳಿಮಳೆಗೆ ಹಡಗು ನಿಲ್ಲಿಸುವ ಆಸರೆಯ ತಾಣವೆಂಬ ಅರ್ಥದಲ್ಲಿ ಇಟ್ಟ ಹೆಸರನ್ನು ಗ್ರೀಕರು ತಮ್ಮ ಕಿವಿಗೆ ಹೊಂದಿಸಿಕೊಂಡರು ಎಂಬುದು ಇನ್ನೊಂದು ಪಕ್ಷ. ಆ ಜನ ತಮ್ಮನ್ನು ಕರೆದುಕೊಳ್ಳುವುದು ‘ಮಾಲ್ತಿ’ ಎಂದು. ಅವರ ನುಡಿಯ ಹೆಸರೂ ಅದೇ. ಅದು ಅರಬ್ಬಿಯ ಕುಲಕ್ಕೆ ಸೇರಿದ ನುಡಿ. ‘ಇರಾಕಿ’, ‘ಮಿಸ್ರಿ’ ಎನ್ನುವಾಗ ಕೊನೆಗೆ ಬರುವ ಈಕಾರವೇ ‘ಮಾಲ್ತಿ’ಯ ಕೊನೆಗೂ ಇದೆ. ‘ಮಾಲ್ಟೀಸ್’ ಎಂಬುದು ಹೊರಗಿನವರು ಇಟಲಿಯ ಮಾದರಿಯಲ್ಲಿ ಹೊಲಿದುಕೊಟ್ಟ ಅಂಗಿ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಬಿದ್ದದ್ದು ೧೭೯೯ರಲ್ಲಿ. ಮಾಲ್ಟಾ ಇಂಗ್ಲಿಷರ ಕೈ ಸೇರಿದ್ದು ೧೮೦೦ರಲ್ಲಿ. ಅಲ್ಲಿಯ ಜನ ಮನೆಯಲ್ಲಿ ಮಾಲ್ತಿ ಆಡುತ್ತಿದ್ದರು, ನ್ಯಾಯಸ್ಥಾನದಲ್ಲಿ ಇಟಲಿಯ ಭಾಷೆ ನಡೆಯುತ್ತಿತ್ತು. ೧೯೩೪ರಲ್ಲಿ ಅವರ ಮನೆಮಾತಿಗೆ ಅಧಿಕೃತ ಸ್ಥಾನ ಸಿಕ್ಕಿತು; ೧೯೬೪ರಲ್ಲಿ ಸ್ವಾತಂತ್ರ್ಯ ಬಂತು.

ಹುಣಸೂರಿಗೂ ಮಾಲ್ಟಾಕ್ಕೂ ಎಲ್ಲಿಂದೆಲ್ಲಿಯ ನಂಟು ಎಂದು ಓದುಗರು ನಗಬಹುದು. ಸಾವಿರದ ಎಂಟುನೂರು ವರ್ಷಗಳಿಗೂ ಹಿಂದೆ ಒಬ್ಬ ಮಹಾಶಯ ಈ ಎರಡು ಸೀಮೆಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಗ್ಸಾಂಡ್ರಿಯದಲ್ಲಿದ್ದ ಟಾಲೆಮಿ ತನ್ನ ಭೂಗೋಳದಲ್ಲಿ ಮೆಲಿತೆಯನ್ನು ಹೇಳುತ್ತಾನೆ. ಭಾರತದ ಒಳನಾಡಿನ ಊರುಗಳನ್ನು ಹೇಳುವಾಗ, ವೈಡೂರ್ಯ ಸಿಕ್ಕುವ ‘ಪೌನ್ನಾಟ’ ಎಂಬುದನ್ನೂ ಹೇಳುತ್ತಾನೆ. ಇದು ನಮ್ಮ ಪುನ್ನಾಡೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗಂಗರ ಕಾಲದ ಶಾಸನಗಳಲ್ಲಿ ಬರುವ ಆ ಪುನ್ನಾಡಿನ ರಾಜಧಾನಿ ಕೀರ್ತಿಪುರ, ಎಂದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು. ಕಬಿನಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಳೆಯ ಕಿತ್ತೂರು ಹಿನ್ನೀರಿನ ಪಾಲಾಯಿತು. ಊರು ಮುಳುಗಿದರೂ, ಅದರ ನಾಡಿನ ಹೆಸರು ಗ್ರೀಕರ ಕಿವಿಗೆ ಬಿದ್ದು ಕೊಂಚ ಸೊಟ್ಟಗಾಗಿ, ಪುಸ್ತಕದಲ್ಲಿ ತೇಲುತ್ತಿದೆ. ದೂರದವರು ನಮ್ಮ ಹೆಸರನ್ನು ತಮ್ಮ ನಾಲಗೆಗೆ ತಕ್ಕಂತೆ ತಿರುಗಿಸಿಕೊಂಡದ್ದಕ್ಕೆ ನಮ್ಮ ಸೀಮೆಯ ಹಳೆಯ ಸಾಕ್ಷಿ ಇದೇ ಇರಬೇಕು.

ಈಗ ‘ಕೆನರಾ’ದ ಕಥೆಗೆ ಬರೋಣ. ‘ಕನ್ನಡ’ದಲ್ಲಿರುವ ಡಕಾರ ಪರದೇಶದವರ ಕಿವಿಗೆ ರಕಾರದಂತೆ ಕೇಳುತ್ತದೆ. ಇದಕ್ಕೆ ನಿದರ್ಶನ ಬೇಕಾದರೆ ಪಿರಿಯಾಪಟ್ಟಣ ದಾಟಿ, ಕಾವೇರಿಯ ಸೇತುವೆಯ ಮೇಲೆ ನಿಂತುಕೊಂಡರೆ ಸಾಕು. ಆಚೆ ದಡದ ನಾಡನ್ನು ನಾವು ಕೊಡಗು ಎನ್ನುತ್ತೇವೆ, ಇಂಗ್ಲಿಷರು ಅದನ್ನು ‘ಕೂರ್ಗ್’ ಎಂದರು. ಡಕಾರ ಹೋಗಿ ರಕಾರ ಬಂತು. ಅದೇ ದಾರಿಯಲ್ಲಿ ಕನ್ನಡ ಎಂಬುದು ಪೋರ್ಚುಗೀಸರ ಬಾಯಲ್ಲಿ ‘ಕನರಾ’ ಆಯಿತು; ಆ ನುಡಿಯವನು ‘ಕನರಿಂ’ ಆದ.

ಮೊದಮೊದಲು ಅವರು ಈ ಮಾತನ್ನು ಸರಿಯಾದ ಜಾಗಕ್ಕೇ ಬಳಸಿದರು ಎಂಬುದನ್ನು ಗಮನಿಸಬೇಕು. ಸುಮಾರು ೧೫೧೬ರಲ್ಲಿ ಬರೆದ ದುವಾರ್ತೆ ಬಾರ್ಬೊಸಾ ವಿಜಯನಗರದ ರಾಜ್ಯದಲ್ಲಿ ಐದು ಪ್ರಾಂತಗಳುಂಟು, ಒಂದೊಂದಕ್ಕೆ ಒಂದೊಂದು ಭಾಷೆಯುಂಟು ಎಂದು ಎಣಿಸುತ್ತಾನೆ. ಕಡಲ ತೀರದ್ದು ತುಳುನಾಡು; ವಿಜಯನಗರ ಪಟ್ಟಣವಿರುವುದು ‘ಕನರಿ’ ಪ್ರಾಂತದಲ್ಲಿ. ಎಂದರೆ ಇಂದಿನ ಮಂಗಳೂರಿನ ಸೀಮೆ ಅವನ ಲೆಕ್ಕದಲ್ಲಿ ಕೆನರಾ ಅಲ್ಲ. ಘಟ್ಟದ ಮೇಲಿನದು ಕೆನರಾ. ೧೫೭೨ರಲ್ಲಿ ಅಚ್ಚಾದ ಕಮೋಯಿಂಶನ ಮಹಾಕಾವ್ಯ ‘ಲೂಸಿಯಾದ್’ನಲ್ಲಿಯೂ ಇದೇ ಮಾತು. ಘಟ್ಟಗಳ ಸಾಲು ಮಲೆಯಾಳದ ನಾಡಿಗೆ ಗೋಡೆಯಂತಿದ್ದು, ಮೇಲಿನ ಕನರಾದವರಿಂದ ಅದನ್ನು ಕಾಪಾಡುತ್ತಿದೆಯೆಂಬ ಭಾವ ಅಲ್ಲಿ ಬರುತ್ತದೆ. ಹೆಗ್ಗಡದೇವನಕೋಟೆಯಿಂದ ಕಾಡಿನ ದಾರಿ ಹಿಡಿದು ಬಾವಲಿ ದಾಟಿದರೆ ವಯನಾಡು. ವಯನಾಡಿನ ಆಚೆ ಘಟ್ಟ ಇಳಿದರೆ ಆ ಕವಿ ಕಂಡ ಮಲಬಾರು. ಕೆಳಗೆ ಹಡಗಿನಲ್ಲಿ ನಿಂತು ಬೆಟ್ಟದ ಗೋಡೆಯನ್ನು ನೋಡಿದವನಿಗೆ, ಗೋಡೆಯ ಹಿಂದೆ ಇರುವವರೆಂದರೆ ನಾವೇ: ಕೋಟೆಯವರು, ಪಿರಿಯಾಪಟ್ಟಣದವರು, ಹುಣಸೂರಿನವರು. ಹಾಗೆ ನೋಡಿದರೆ ನಮ್ಮ ತಂದೆಯವರಿಗೆ ‘ಕೆನರೀಸ್’ ಎಂಬ ಹೆಸರು ನ್ಯಾಯವಾಗಿಯೇ ಸಲ್ಲುತ್ತಿತ್ತು.

ಆದರೆ ಹೆಸರುಗಳು ನೀರಿನಂತೆ. ಇಳಿಜಾರು ಸಿಕ್ಕಿದ ಕಡೆ ಹರಿಯುತ್ತವೆ. ಪೋರ್ಚುಗೀಸರ ನೆಲೆ ಗೋವೆ. ತಮ್ಮ ಮನೆಬಾಗಿಲಿನಲ್ಲಿದ್ದ ಗೋವೆಯ ಕೊಂಕಣಿ ಜನರನ್ನೇ ಅವರು ‘ಕನರಿಂ’ ಎಂದು ಕರೆಯತೊಡಗಿದರು. ೧೫೭೯ರಲ್ಲಿ ಗೋವೆಗೆ ಬಂದು ಅಲ್ಲಿಯೇ ಬಾಳಿದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಒಂದು ವ್ಯಾಕರಣ ಬರೆದರು. ಅವರ ಕಾಲಾನಂತರ, ೧೬೪೦ರಲ್ಲಿ, ಅದು ರಾಚೋಲಿನಲ್ಲಿ ಅಚ್ಚಾಯಿತು. ಹೆಸರಿನಲ್ಲಿ ಅದು ‘ಕನರಿಂ’ ಭಾಷೆಯ ವ್ಯಾಕರಣ. ತೆರೆದು ನೋಡಿದರೆ ಒಳಗಿರುವುದು ಕೊಂಕಣಿ! ಆಮೇಲಾಮೇಲೆ ಗೋವೆಯಲ್ಲಿ ಆ ಮಾತಿಗೆ ಹೀಯಾಳಿಕೆಯ ಧ್ವನಿಯೂ ಬಂತು. ಕನ್ನಡಿಗರ ಹೆಸರನ್ನು ಕೊಂಕಣಿಗರಿಗೆ ತೊಡಿಸಿ, ಕೊನೆಗೆ ಅದನ್ನೇ ಬೈಗುಳವಾಗಿ ಅವರ ಮೇಲೆ ಎಸೆದದ್ದು ನಾಮಕರಣದ ಇತಿಹಾಸದಲ್ಲಿ ಒಂದು ವಿಚಿತ್ರ ಅನ್ಯಾಯ.

ಗೋವೆಯಿಂದ ಹೆಸರು ಕಡಲ ತೀರ ಹಿಡಿದು ದಕ್ಷಿಣಕ್ಕೆ ಇಳಿಯಿತು. ಹಡಗಿನವರಿಗೆ ಕಂಡದ್ದು ತೀರ, ಅವರ ನಕ್ಷೆಯಲ್ಲಿ ಹೆಸರು ಬರೆದದ್ದೂ ತೀರದ ಮೇಲೆ. ೧೭೯೯ರಲ್ಲಿ ಟಿಪ್ಪುವಿನ ರಾಜ್ಯ ಹಂಚಿಹೋದಾಗ ಕರಾವಳಿ ಕಂಪನಿಯ ಪಾಲಿಗೆ ಬಂತು. ಅದಕ್ಕೆ ‘ಕೆನರಾ’ ಎಂದು ಹೆಸರಾಗಿ, ಥಾಮಸ್ ಮನ್ರೋ ಅದರ ಕಲೆಕ್ಟರನಾದ. ಮುಂದೆ ಅದು ಉತ್ತರ, ದಕ್ಷಿಣ ಎಂದು ಎರಡಾಗಿ, ೧೮೬೨ರಲ್ಲಿ ಉತ್ತರ ಕೆನರಾ ಮುಂಬಯಿಗೆ ಸೇರಿತು. ದಕ್ಷಿಣ ಕೆನರಾ ಮದರಾಸಿಗೇ ಉಳಿಯಿತು. ಕನ್ನಡದ ಹೆಸರು ಹೊತ್ತ ಜಿಲ್ಲೆಗಳೆರಡೂ ಎರಡು ಬೇರೆ ರಾಜಧಾನಿಗಳ ಬಾಗಿಲು ಕಾಯತೊಡಗಿದವು.

ಪಶ್ಚಿಮಕ್ಕೆ ಹೀಗಾದರೆ ಪೂರ್ವಕ್ಕೆ ಏನಾಯಿತು? ಅಲ್ಲಿ ‘ಕರ್ನಾಟಕ’ ಎಂಬ ಹೆಸರು ಇಳಿಯಿತು. ವಿಜಯನಗರದ ಅರಸರು ಕರ್ನಾಟಕದ ಅರಸರೆಂದು ಹೆಸರಾಗಿದ್ದರು. ಹಂಪಿ ಹಾಳಾದ ಮೇಲೆ ಆ ಮನೆತನ ಪೆನುಗೊಂಡೆ, ಚಂದ್ರಗಿರಿ ಎಂದು ಪೂರ್ವಕ್ಕೆ ಸರಿಯುತ್ತ ಹೋದಂತೆ, ಹೆಸರೂ ಅದರ ಹಿಂದೆ ಹೋಯಿತು. ಮುಸಲ್ಮಾನ್ ದೊರೆಗಳ ದಫ್ತರದಲ್ಲಿ ‘ಕರ್ನಾಟಕ ಬಾಲಾಘಾಟ್’ ಎಂದರೆ ಘಟ್ಟದ ಮೇಲಿನದು, ‘ಕರ್ನಾಟಕ ಪಾಯಿನ್‌ಘಾಟ್’ ಎಂದರೆ ಘಟ್ಟದ ಕೆಳಗಿನದು. ಇಂಗ್ಲಿಷರಿಗೆ ಪರಿಚಯವಾದದ್ದು ಕೆಳಗಿನದು. ಆರ್ಕಾಟಿನ ನವಾಬ ಅವರಿಗೆ ‘ಕರ್ನಾಟಿಕ್’ನ ನವಾಬ, ಅಲ್ಲಿ ನಡೆದ ಕಾಳಗಗಳು ‘ಕರ್ನಾಟಿಕ್’ ಯುದ್ಧಗಳು. ಶಾಲೆಯಲ್ಲಿ ಆ ಯುದ್ಧಗಳ ಇಸವಿಗಳನ್ನು ಉರುಹೊಡೆಯುವಾಗ, ಕರ್ನಾಟಕದ ಯುದ್ಧದಲ್ಲಿ ಕರ್ನಾಟಕದ ಒಂದು ಊರಿನ ಹೆಸರೂ ಇಲ್ಲವಲ್ಲ ಎಂದು ನಾನು ಕಕ್ಕಾಬಿಕ್ಕಿಯಾದದ್ದು ಈಗಲೂ ನೆನಪಿದೆ.

ಹೀಗೆ ಒಂದೇ ಮನೆಯ ಎರಡು ಹೆಸರುಗಳಲ್ಲಿ ಒಂದು ಪಶ್ಚಿಮದ ಘಟ್ಟ ಇಳಿಯಿತು, ಒಂದು ಪೂರ್ವದ ಘಟ್ಟ ಇಳಿಯಿತು. ನಡುಮನೆಯಲ್ಲಿದ್ದವರಿಗೆ ಹೆಸರೇ ಇಲ್ಲವಾಯಿತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ತನ್ನ ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಈ ಗೊಂದಲವನ್ನು ಚೆನ್ನಾಗಿ ಕಂಡಿದ್ದ. ಮೈಸೂರು ಎಂಬ ಸಣ್ಣ ಹಳ್ಳಿಯಿಂದ ಹೆಸರು ಪಡೆದ ಈ ಸಂಸ್ಥಾನ ಹಿಂದಿನ ಕರ್ನಾಟಕದ ನೈಋತ್ಯ ಭಾಗವೆಂದೂ, ಕನ್ನಡ ನುಡಿಯ ನಾಡು ಇದೇ ಎಂದೂ ಬರೆದ. ಆದರೆ ಪಂಡಿತನ ತಿದ್ದುಪಡಿಗಿಂತ ಗುಮಾಸ್ತನ ರೂಢಿ ಬಲವಾದದ್ದು. ದಫ್ತರದಲ್ಲಿ ಒಮ್ಮೆ ಬರೆದದ್ದು ಬರೆದಂತೆಯೇ ಉಳಿಯಿತು.

ಆದರೂ ಒಳಗೊಳಗೇ ತಿದ್ದುಪಡಿ ನಡೆಯುತ್ತಿತ್ತು. ಅದನ್ನು ಕಾಣಬೇಕಾದರೆ ವ್ಯಾಕರಣ, ನಿಘಂಟುಗಳ ಮುಖಪುಟಗಳನ್ನಷ್ಟೇ ಸಾಲಾಗಿ ಇಟ್ಟು ಓದಬೇಕು. ೧೮೧೭ರಲ್ಲಿ ಸೇರಾಂಪುರದ ವಿಲಿಯಂ ಕೇರಿ ‘ಕರ್ನಾಟ’ ಭಾಷೆ ಎಂದು ಬರೆದರು. ೧೮೨೦ರಲ್ಲಿ ಮೆಕೆರೆಲ್ ‘ಕರ್ನಾಟಕ’ ಭಾಷೆ ಎಂದರು. ರೀವ್ ಪಾದ್ರಿಗಳ ನಿಘಂಟನ್ನು ಸ್ಯಾಂಡರ್ಸನ್ ೧೮೫೮ರಲ್ಲಿ ಬೆಂಗಳೂರಿನಲ್ಲಿ ಪರಿಷ್ಕರಿಸಿ ತಂದಾಗ ಅದರ ಮೇಲೆ ‘ಕೆನರೀಸ್’ ಎಂದಿತ್ತು. ಮರುವರ್ಷವೇ ಹಾಡ್ಸನ್ನರ ವ್ಯಾಕರಣ ಬಂತು. ಅದರ ಹೆಸರಿನಲ್ಲಿ ‘ಕನ್ನಡ ಅಥವಾ ಕೆನರೀಸ್’ ಎಂದು ಎರಡೂ ಇವೆ. ಈ ‘ಅಥವಾ’ ಬಹಳ ಅರ್ಥವುಳ್ಳದ್ದು. ಮನೆಯ ಯಜಮಾನ ಬಾಗಿಲಿಗೆ ಬಂದು ನಿಂತಿದ್ದಾನೆ, ಬಾಡಿಗೆಯವನು ಇನ್ನೂ ಗಂಟುಮೂಟೆ ಕಟ್ಟಿಲ್ಲ. ಕೊನೆಗೆ ೧೮೯೪ರಲ್ಲಿ ಮಂಗಳೂರಿನಿಂದ ಕಿಟೆಲರ ಮಹಾನಿಘಂಟು ಬಂದಾಗ ಅದರ ಮೇಲೆ ‘ಕನ್ನಡ’ ಎಂದು ಮಾತ್ರ ಇತ್ತು. ಕೆನರಾ ಜಿಲ್ಲೆಯೊಳಗೇ ಅಚ್ಚಾದ ಪುಸ್ತಕ, ಬರೆದವರು ಜರ್ಮನಿಯವರು. ಈ ನುಡಿಯವರು ತಮ್ಮ ನುಡಿಯನ್ನು ಏನೆನ್ನುತ್ತಾರೋ ಅದನ್ನೇ ಬರೆದರು. ಆದರೂ ೧೯೧೫ರಲ್ಲಿ ಇ. ಪಿ. ರೈಸರು ನಮ್ಮ ಸಾಹಿತ್ಯದ ಚರಿತ್ರೆಯನ್ನು ಬರೆದಾಗ ‘ಕೆನರೀಸ್’ ಎಂದೇ ಹೆಸರಿಟ್ಟರು. ಹಳೆಯ ಬರಹಗಳಲ್ಲಿ ‘ಸಿ’ ಅಕ್ಷರದಿಂದ ಆರಂಭವಾಗುತ್ತಿದ್ದುದು ಅಲ್ಲಿ ‘ಕೆ’ ಅಕ್ಷರದಿಂದ ಆರಂಭವಾಯಿತು, ಅಷ್ಟೇ. ಆಮೇಲೆ ಹದಿನಾರು ವರ್ಷಕ್ಕೆ ನಮ್ಮ ತಂದೆಯವರ ಸರ್ಟಿಫಿಕೇಟು. ಬಾಡಿಗೆಯವನು ಹೊರಡುವುದಕ್ಕೆ ಬಹಳ ಕಾಲ ತೆಗೆದುಕೊಂಡ.

ಇಷ್ಟೆಲ್ಲ ನಡೆಯುತ್ತಿದ್ದಾಗ ನಮ್ಮ ನಾಲ್ಕು ತಾಲ್ಲೂಕುಗಳವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು? ಇದಕ್ಕೆ ನಾನು ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟವನ್ನು ತೆರೆದೆ. ೧೮೯೮ರಲ್ಲಿ ಬಂದ ಈ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ತಾಲ್ಲೂಕುಗಳ ಶಾಸನಗಳಿವೆ. ಎಡತೊರೆ ಎಂದರೆ ಹಳೆಯ ಹೆಸರು; ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಪಕ್ಕದಲ್ಲಿ ಹೊಸ ಊರು ಎದ್ದ ಮೇಲೆ ತಾಲ್ಲೂಕಿಗೆ ಕೃಷ್ಣರಾಜನಗರ ಎಂದಾಯಿತು. ಈ ಶಾಸನಗಳಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನದು ಕನ್ನಡದ ಹೆಸರಾಂತ ಶಾಸನಗಳಲ್ಲೊಂದು. ಕಾಲ ೧೦೫೭. ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆ. ಅವಳನ್ನು ನವಿಲೆನಾಡಿನ ಏಚನಿಗೆ ಕೊಟ್ಟಿತ್ತು. ಏಚನು ಮಲ್ಲಯುದ್ಧದಲ್ಲಿ ತನ್ನ ದಾಯಾದಿಯನ್ನು ಕೊಂದ. ಅದಕ್ಕಾಗಿ ಚೋಳರಾಜನು ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದ. ಸುದ್ದಿ ಕೇಳಿದ ದೇಕಬ್ಬೆ, ಹೆತ್ತವರು ಎಷ್ಟು ತಡೆದರೂ ಕೇಳದೆ ಬೆಂಕಿಗೆ ಬಿದ್ದಳು. ಓದುವಾಗ ಇಂದಿಗೂ ಮೈ ನಡುಗುತ್ತದೆ.

ನನ್ನ ಪ್ರಶ್ನೆಗೆ ಅದರಲ್ಲಿ ಸಿಕ್ಕ ಉತ್ತರ ಇಷ್ಟು: ಆಳುತ್ತಿದ್ದವರು ತಮಿಳು ನುಡಿಯ ಚೋಳರು. ಆದರೂ ಕಾಡಿನ ಅಂಚಿನ ಈ ಹಳ್ಳಿಯಲ್ಲಿ ದುಃಖವನ್ನು ಕಲ್ಲಿನ ಮೇಲೆ ಬರೆಯಬೇಕಾದಾಗ ಕನ್ನಡ ಪದ್ಯದಲ್ಲಿ ಬರೆದರು. ಇದು ಕನ್ನಡ ಎಂದು ಹೇಳುವ ಅಗತ್ಯ ಅವರಿಗಿರಲಿಲ್ಲ. ದೇಕಬ್ಬೆ ನುಗುನಾಡಿನ ಮಗಳು, ನವಿಲೆನಾಡಿನ ಸೊಸೆ. ಗುರುತು ಹೇಳಲು ಅಷ್ಟು ಸಾಕಾಗಿತ್ತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಹೇಳಿರುವುದು ಎಲ್ಲರಿಗೂ ಗೊತ್ತು. ಆ ಮೇರೆಯನ್ನು ಅಕ್ಷರಶಃ ಹಿಡಿದರೆ, ಹುಣಸೂರೂ ಹೆಗ್ಗಡದೇವನಕೋಟೆಯೂ ಕಾವೇರಿಯ ತೆಂಕಣ ದಡದಲ್ಲಿರುವುದರಿಂದ, ನಾವು ಒಂದು ಹೊಳೆಯ ಅಂತರದಲ್ಲಿ ನಾಡಿನ ಹೊರಗಾಗುತ್ತೇವೆ! ಬೆಳತೂರಿನ ಕಲ್ಲು ಆ ಭಯವನ್ನು ಕಳೆಯುತ್ತದೆ. ಹಳೆಯ ನುಡಿಯನ್ನು ಹಾಗೇ ಹಿಡಿದಿಟ್ಟುಕೊಂಡವರೂ ನಾವೇ. ಬೇರೆ ಕಡೆ ‘ಪಿರಿಯ’ ಎಂಬುದು ಹಕಾರಕ್ಕೆ ತಿರುಗಿ ‘ಹಿರಿಯ’ವಾಗಿ, ಹಿರಿಯೂರು ಎಂದೆಲ್ಲ ಊರಿನ ಹೆಸರಾದರೂ, ಪಿರಿಯಾಪಟ್ಟಣ ಮಾತ್ರ ತನ್ನ ಹಳೆಗನ್ನಡದ ಪಕಾರವನ್ನು ಇಂದಿಗೂ ಬಿಟ್ಟಿಲ್ಲ.

ಹೊರಗಿನವರಲ್ಲಿ ‘ಈಸ್’ ಇದ್ದಂತೆ ನಮ್ಮಲ್ಲಿ ‘ಇಗ’ ಇದೆ. ಗಾಣದವನು ಗಾಣಿಗ, ಹಾವಿನವನು ಹಾವಾಡಿಗ, ಕನ್ನಡದವನು ಕನ್ನಡಿಗ. ಈ ಮಾತು ನಮ್ಮಲ್ಲಿ ಬಹಳ ಹಳೆಯದು. ಇಂದು ಇಂಗ್ಲಿಷ್ ಪತ್ರಿಕೆಗಳೂ ‘ಕನ್ನಡಿಗ’ ಎಂದೇ ಬರೆಯುತ್ತವೆ. ‘ಕೆನರೀಸ್’ ಎನ್ನಬೇಡಿ ಎಂದು ಯಾರೂ ಅದಕ್ಕಾಗಿ ಕಾನೂನು ಮಾಡಲಿಲ್ಲ.

ನುಡಿಗೆ ಹೆಸರು ಹೀ‌ಗೆ ತಾನಾಗಿ ಮರಳಿತು. ನಾಡಿಗೆ ಮರಳಲು ಕಾನೂನೇ ಬೇಕಾಯಿತು. ೧೯೫೬ರ ನವೆಂಬರ್ ೧ರಂದು ಕನ್ನಡ ಸೀಮೆಗಳು ಒಂದಾದಾಗಲೂ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. ಹಳೆಯ ಮೈಸೂರಿನವರಾದ ನಮ್ಮಲ್ಲಿ ಬಹಳ ಮಂದಿಗೆ ಆ ಹೆಸರನ್ನು ಬಿಡಲು ಮನಸ್ಸಿರಲಿಲ್ಲ. ನಮ್ಮ ತಂದೆಯವರೂ ಆ ಗುಂಪಿನವರೇ. “ಮೈಸೂರು ಅಂದ್ರೆ ಅರಮನೆ ಕಣಯ್ಯ, ಕರ್ನಾಟಕ ಅಂದ್ರೆ ಸಂಗೀತ” ಎನ್ನುತ್ತಿದ್ದರು. ಧಾರವಾಡದ ಕಡೆಯವರಿಗೆ ಮೈಸೂರು ಎಂಬುದು ಒಂದು ಸಂಸ್ಥಾನದ ಹೆಸರು. ಅದನ್ನು ಇಡೀ ನಾಡಿಗೆ ಹೊದಿಸಿದರೆ ತಮ್ಮ ಪಾಲು ಏನು ಎಂಬ ನೋವು. ೧೯೭೨ರಲ್ಲಿ ವಿಧಾನಮಂಡಲ ನಿರ್ಣಯ ಮಾಡಿತು. ೧೯೭೩ರ ನವೆಂಬರ್ ೧ರಂದು ಕರ್ನಾಟಕ ಎಂಬ ಹೆಸರು ಜಾರಿಗೆ ಬಂತು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು. ಪೂರ್ವದ ಘಟ್ಟ ಇಳಿದು ಆರ್ಕಾಟಿಗೆ ಹೋಗಿದ್ದ ಹೆಸರನ್ನು ಮರಳಿ ಮೇಲೆ ಹತ್ತಿಸಿದ ಸರ್ಕಾರದ ಮುಂದಾಳು, ಮೈಸೂರಿನ ಹೆಸರನ್ನು ಬಿಡಲು ಹಿಂಜರಿದ ಈ ಸೀಮೆಯವರೇ ಆಗಿದ್ದರು. ಪಶ್ಚಿಮದ ಘಟ್ಟ ಇಳಿದಿದ್ದ ಹೆಸರೂ ತಿದ್ದಿಕೊಂಡಿತು: ಆ ಜಿಲ್ಲೆಗಳು ಈಗ ಉತ್ತರ ಕನ್ನಡ, ದಕ್ಷಿಣ ಕನ್ನಡ. ಹಳೆಯ ‘ಕೆನರಾ’ ಮುಖ್ಯವಾಗಿ ೧೯೦೬ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕಿನ ಫಲಕದ ಮೇಲೆ ಬದುಕಿದೆ.

ಇಲ್ಲಿಗೆ ಕಥೆ ಮುಗಿದು ಮಂಗಳವಾಯಿತೆಂದು ಬರೆದುಬಿಡಬಹುದಿತ್ತು. ಆದರೆ ಮೊಮ್ಮಗನ ಪ್ರಶ್ನೆ ಇನ್ನೊಂದು ದಿಕ್ಕಿಗೂ ತಿರುಗಿತು. ಹೊರಗಿನವರು ನಮಗೆ ಹೆಸರಿಟ್ಟರೆಂದು ದೂರುವ ನಾವು ಇತರರಿಗೆ ಹೆಸರಿಡುವಾಗ ಅವರನ್ನು ಕೇಳಿದ್ದೇವೆಯೆ?

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ೧೯೬೦ರ ಸುಮಾರಿನಲ್ಲಿ, ತಮ್ಮ ನಾಡು ಬಿಟ್ಟು ಬಂದವರು ನೆಲೆಸಿದರು. ಕಾಡು ಕಡಿದು ಜೋಳ ಬಿತ್ತಿದರು. ಅವರನ್ನು ನಾವು ಟಿಬೆಟಿನವರು ಎನ್ನುತ್ತೇವೆ. ನನ್ನ ಪರಿಚಯದ ವೃದ್ಧರೊಬ್ಬರನ್ನು ಒಮ್ಮೆ ಕೇಳಿದೆ: “ಸ್ವಾಮಿ, ನಿಮ್ಮ ಭಾಷೆಯಲ್ಲಿ ನಿಮ್ಮ ದೇಶಕ್ಕೆ ಏನಂತೀರಿ?” ಅವರು ನಕ್ಕು, “ಪೋ” ಎಂದರು. ಬರೆಯುವುದು ‘ಬೋದ್’ ಎಂದು, ಅಲ್ಲಿಯವರು ‘ಪೋಪಾ’. ನಮ್ಮ ಸಂಸ್ಕೃತ ಗ್ರಂಥಗಳ ‘ಭೋಟ’ ಇದೇ. ‘ಟಿಬೆಟ್’ ಎಂಬುದು ಅರಬ್ಬರ, ಪಾರಸಿಕರ ‘ತುಬ್ಬತ್’ನಿಂದ ಯೂರೋಪಿಗೆ ಹೋಗಿ, ಅಲ್ಲಿಂದ ನಮಗೆ ಬಂದದ್ದು. “ಇಷ್ಟು ವರ್ಷದಲ್ಲಿ ಇದನ್ನು ಕೇಳಿದೋರು ನೀವೇ ಮೊದಲು” ಎಂದು ಅವರು ಚೊಕ್ಕ ಕನ್ನಡದಲ್ಲಿ ಹೇಳಿದರು. ಅಕ್ಕಪಕ್ಕದಲ್ಲಿದ್ದು ಅರವತ್ತು ವರ್ಷ ಕಳೆದಿದ್ದವು, ನನಗೆ ನಾಚಿಕೆಯಾಯಿತು.

ಕೋಟೆಯ ಕಾಡಂಚಿನಲ್ಲಿ, ಹುಣಸೂರು ಪಿರಿಯಾಪಟ್ಟಣಗಳ ಹಾಡಿಗಳಲ್ಲಿ ಇರುವವರನ್ನು ನಾವು ಜೇನುಕುರುಬರು ಎನ್ನುತ್ತೇವೆ. ಹೆಜ್ಜೇನು ಇಳಿಸುವವರೆಂದು ಊರಿನವರು ಇಟ್ಟ ಹೆಸರು. ಗ್ರೀಕರು ಮೆಲಿತೆಯಲ್ಲಿ ಜೇನನ್ನೇ ಕೇಳಿಸಿಕೊಂಡಂತೆ ನಾವು ಇವರಲ್ಲಿ ಜೇನನ್ನೇ ಕಂಡೆವು. ಬಾವಲಿ ದಾಟಿ ವಯನಾಡಿಗೆ ಹೋದರೆ ಇವರ ನಂಟರಿಷ್ಟರ ಹೆಸರು ಬೇರೆ: ಅಲ್ಲಿ ಕಾಟ್ಟುನಾಯಕ್ಕರು, ಎಂದರೆ ಕಾಡಿನ ನಾಯಕರು. ಗಡಿಯ ಈಚೆ ಕಸುಬಿನ ಹೆಸರು, ಆಚೆ ಒಡೆತನದ ಹೆಸರು. ನಾಗರಹೊಳೆಯ ಕಾಡಿನಿಂದ ಎಷ್ಟೋ ಕುಟುಂಬಗಳು ಹೊರಕ್ಕೆ ಬಂದು, ಜೇನಿನ ಮರಗಳು ದೂರವಾಗಿವೆ. ಜೇನಿನ ಹೆಸರು ಮಾತ್ರ ಅವರ ಮಕ್ಕಳ ಸರ್ಟಿಫಿಕೇಟಿನ ಮೇಲೆ ದುಂಡಗಿನ ಅಕ್ಷರದಲ್ಲಿ ಇದೆ. ನಮ್ಮ ತಂದೆಯವರ ಕಾಗದದ ಮೇಲೆ ‘ಕೆನರೀಸ್’ ಇದ್ದ ಹಾಗೆ.

ಹೊರಗಿನವರಿಟ್ಟ ಹೆಸರೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮಾಲ್ಟಾದವರು ಇಂಗ್ಲಿಷ್ ಮಾತಾಡುವಾಗ ‘ಮಾಲ್ಟೀಸ್’ ಎಂದೇ ಹೇಳಿಕೊಳ್ಳುತ್ತಾರೆ, ಮನೆಗೆ ಹೋಗಿ ‘ಮಾಲ್ತಿ’ ಆಗುತ್ತಾರೆ. ಹೆಸರನ್ನು ತಾವೇ ಒಪ್ಪಿಕೊಂಡು ಇಟ್ಟುಕೊಳ್ಳುವುದು ಬೇರೆ, ಕೇಳದೆ ಕಾಗದದ ಮೇಲೆ ಹಚ್ಚಿಸಿಕೊಳ್ಳುವುದು ಬೇರೆ. ನಮಗೆ ನಮ್ಮ ಹೆಸರು ಮರಳಿ ಬರಲು ಕೆಲವು ಪಂಡಿತರ ಪ್ರಾಮಾಣಿಕತೆಯೂ ಬಹಳ ಜನರ ಹಟವೂ ಬೇಕಾದವು. ಹಾಗೆ ಪಡೆದವರಿಗೆ ಇನ್ನೊಬ್ಬರ ಹೆಸರನ್ನು ಕೇಳಿ ತಿಳಿದುಕೊಳ್ಳುವ ಹೊಣೆಯೂ ಇದೆ.

ಸಂಜೆ ಬಿಸಿಲು ಇಳಿದ ಮೇಲೆ ಕಾಗದಗಳನ್ನು ಮತ್ತೆ ಟ್ರಂಕಿಗೆ ತುಂಬಿದೆವು. ಹುಡುಗ ಸರ್ಟಿಫಿಕೇಟನ್ನು ಕೊನೆಗೆ ಇಟ್ಟು, “ತಾತ, ಇದರಲ್ಲಿ ತಪ್ಪು ಬರೆದಿದಾರಲ್ಲ, ಪೆನ್ನಲ್ಲಿ ತಿದ್ದಿಬಿಡ್ಲಾ?” ಎಂದ, ರಸಪ್ರಶ್ನೆಯಲ್ಲಿ ಗೆದ್ದ ಪೆನ್ನನ್ನು ಹಿಡಿದುಕೊಂಡು.

“ಬೇಡಪ್ಪ,” ಎಂದೆ. “ಅದು ಹಾಗೇ ಇರಲಿ. ನೀನು ಮುಂದೆ ಯಾರ ಹೆಸರಾದ್ರೂ ಬರೆಯೋವಾಗ ಅವರನ್ನೇ ಕೇಳಿ ಬರಿ, ಸಾಕು.”